ಹಳೆಯ ಗ್ಯಾಸ್ ಲೇಸರ್ ಕೊಂಡು ಅದರಲ್ಲೇ ವೆಲ್ಡಿಂಗ್ ಮಾಡಬಹುದೇ?

ನೀವು ಕೇಳಿರುವುದು ಇಷ್ಟು: ಹೊಸೂರಿನ ಬಾಗಲೂರು ರಸ್ತೆಯಲ್ಲಿ ಚಿಕ್ಕ ಫ್ಯಾಬ್ರಿಕೇಷನ್ ಶೆಡ್ ಇದೆ. ಬೆಂಗಳೂರಿನಲ್ಲಿ ಬಾಗಿಲು ಹಾಕುತ್ತಿರುವ ಕಾರ್ಖಾನೆಯೊಂದರ 4 ಕಿಲೋವಾಟ್ ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ಲೇಸರ್ ಕಟಿಂಗ್ ಯಂತ್ರ ಗುಜರಿ ಬೆಲೆಗೆ ಸಿಗುತ್ತಿದೆ. ತಲೆ ಬದಲಿಸಿ ಅದನ್ನೇ ವೆಲ್ಡಿಂಗ್‌ಗೂ ಹಚ್ಚಬಹುದೇ, ಅಥವಾ ಕೈಯಲ್ಲಿ ಹಿಡಿಯುವ ಫೈಬರ್ ಲೇಸರ್ (ಗಾಜಿನ ಎಳೆಯಲ್ಲಿ ಬೆಳಕು ಹುಟ್ಟಿಸುವ) ವೆಲ್ಡಿಂಗ್ ಯಂತ್ರ ಕೊಳ್ಳುವುದು ಒಳ್ಳೆಯದೇ?

ಹಳೆಯದು ಬೇಡ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಇಂಥ ಯಂತ್ರಗಳ ಹೊಟ್ಟೆ ಬಿಚ್ಚಿ ಮುಚ್ಚಿದವನು ಹೇಳುತ್ತಿದ್ದೇನೆ. ಗ್ಯಾಸ್ ಲೇಸರ್ ಮೇಲೆ ನನಗೇನೂ ಮುನಿಸಿಲ್ಲ, ಮನೆ ಕಟ್ಟಿಸಿದ್ದೇ ಅದರ ಸಂಬಳದಲ್ಲಿ. ಆದರೆ ಗುಜರಿ ಬೆಲೆಗೆ ನಿಮಗೆ ಸಿಗುವುದು ಬೆಳಕು ಮಾತ್ರ. ಆ ಬೆಳಕನ್ನು ಸಾಕುವುದಕ್ಕೆ ಬೇಕಾದ ಗಾಳಿ, ನೀರು, ಗ್ಯಾಸ್, ಕನ್ನಡಿಗಳ ಖರ್ಚು ತಿಂಗಳು ತಿಂಗಳೂ ನಿಮ್ಮ ಮನೆಬಾಗಿಲಿಗೆ ಬರುತ್ತದೆ.

ಯಾಕೆಂದು ತಿಳಿಯಬೇಕಾದರೆ ಆ ಪೆಟ್ಟಿಗೆಯೊಳಗೆ ನಡೆಯುವುದೇನು ಎಂದು ನೋಡಬೇಕು. ಸಿಓಟು ಲೇಸರ್ ಕಂಡುಹಿಡಿದವರು ಕುಮಾರ್ ಪಟೇಲ್. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿ, 1964ರಲ್ಲಿ ಇದನ್ನು ಮಾಡಿ ತೋರಿಸಿದರು. ಬರೀ ಕಾರ್ಬನ್ ಡೈಆಕ್ಸೈಡ್ ತುಂಬಿದ ಮೊದಲ ಕೊಳವೆಯಿಂದ ಹೊರಬಿದ್ದ ಶಕ್ತಿ ಅತ್ಯಲ್ಪ. ನೈಟ್ರೋಜನ್ ಬೆರೆಸಿದಾಗ ಅದು ಎದ್ದು ನಿಂತಿತು, ಹೀಲಿಯಂ ಸೇರಿದಾಗ ಓಡತೊಡಗಿತು. ನಾನು ಹೊಸ ಹುಡುಗರಿಗೆ ಇದನ್ನು ಮದುವೆ ಊಟದ ಲೆಕ್ಕದಲ್ಲಿ ಹೇಳುತ್ತೇನೆ. ಪಂಕ್ತಿಯಲ್ಲಿ ಕೂತವರು ಕಾರ್ಬನ್ ಡೈಆಕ್ಸೈಡ್ ಅಣುಗಳು. ನೈಟ್ರೋಜನ್ ಬಡಿಸುವವನು: ವಿದ್ಯುತ್ತಿನಿಂದ ಶಕ್ತಿಯನ್ನು ಬಕೆಟ್‌ನಲ್ಲಿ ತುಂಬಿಕೊಂಡು ಚೆಲ್ಲದೆ ತಂದು ಎಲೆಗೆ ಹಾಕುತ್ತಾನೆ. ಹೀಲಿಯಂ ಎಲೆ ಎತ್ತುವವನು. ಉಂಡವರು ಏಳದಿದ್ದರೆ, ಎಲೆ ತೆಗೆಯದಿದ್ದರೆ ಮುಂದಿನ ಪಂಕ್ತಿ ಕೂರುವುದೆಲ್ಲಿ? ಗ್ಯಾಸ್ ಬಿಸಿಯಾದರೆ ಆಗುವುದು ಇದೇ. ಬೆಳಕು ಕೊಟ್ಟು ಮುಗಿಸಿದ ಅಣುಗಳು ಜಾಗ ಬಿಡುವುದಿಲ್ಲ, ಲೇಸರ್ ಸೊರಗುತ್ತದೆ.

ಅಲ್ಲಿಂದ ಮುಂದೆ ಈ ಯಂತ್ರದಲ್ಲಿ ಆದ ಸುಧಾರಣೆಗಳಲ್ಲಿ ಹೆಚ್ಚಿನವು ಬಿಸಿಯನ್ನು ಹೊರಹಾಕುವ ದಾರಿಗಳೇ. ಗ್ಯಾಸ್ ನಿಧಾನವಾಗಿ ಹರಿಯುವ ಹಳೆಯ ಗಾಜಿನ ಕೊಳವೆಯಲ್ಲಿ ಮೀಟರಿಗೆ ಸುಮಾರು 50ರಿಂದ 80 ವಾಟ್‌ಗಿಂತ ಹೆಚ್ಚು ತೆಗೆಯಲು ಆಗುತ್ತಿರಲಿಲ್ಲ, ಕೊಳವೆಯನ್ನು ದಪ್ಪ ಮಾಡಿದರೂ ಅಷ್ಟೇ. ಒಂದು ಕಿಲೋವಾಟ್ ಬೇಕೆಂದರೆ ಹದಿನೈದು ಮೀಟರ್ ಕೊಳವೆಯನ್ನು ಮಡಚಿ ಮಡಚಿ ಇಡಬೇಕು. ಆಮೇಲೆ ಬ್ಲೋವರ್ ಹಾಕಿ ಗ್ಯಾಸನ್ನು ಕೊಳವೆಯುದ್ದಕ್ಕೂ ರಭಸವಾಗಿ ಊದಿ, ಹೊರಗೆ ನೀರಿನ ಕೂಲರ್‌ನಲ್ಲಿ ತಣಿಸಿ, ಮತ್ತೆ ಒಳಗೆ ಕಳಿಸುವ ಪದ್ಧತಿ ಬಂತು. ನಿಮಗೆ ತೋರಿಸಿರುವ ಯಂತ್ರ ಬಹುಶಃ ಈ ಜಾತಿಯದು. ಮೊದಲಿನ ರೂಟ್ಸ್ ಬ್ಲೋವರ್‌ಗಳ ಎಣ್ಣೆ ಜಿನುಗಿ ಕನ್ನಡಿಗೆ ಅಂಟುತ್ತಿತ್ತು. ಅವುಗಳ ಜಾಗಕ್ಕೆ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಟರ್ಬೊ ಬಂತು, ಕೆಲವರು ಅದನ್ನು ಅಯಸ್ಕಾಂತದ ಬೇರಿಂಗ್ ಮೇಲೆ ತೇಲಿಸಿದರು. ಕೊಳವೆಯೊಳಗೇ ಇದ್ದು ಸವೆದು ಧೂಳುದುರಿಸುತ್ತಿದ್ದ ಡಿಸಿ ಎಲೆಕ್ಟ್ರೋಡುಗಳು ಹೋಗಿ, ಕೊಳವೆಯ ಹೊರಗಿನಿಂದಲೇ ಕೆಲಸ ಮಾಡುವ ರೇಡಿಯೋ ಅಲೆಯ ಎಲೆಕ್ಟ್ರೋಡುಗಳು ಬಂದವು. ಕೊನೆಗೆ ಬ್ಲೋವರೇ ಇಲ್ಲದ ಸ್ಲ್ಯಾಬ್ ಲೇಸರ್ ಬಂತು: ನೀರು ಹರಿಯುವ ಎರಡು ತಾಮ್ರದ ಹಲಗೆಗಳು, ನಡುವೆ ಕೆಲವೇ ಮಿಲಿಮೀಟರ್ ಸಂದು, ಅದರಲ್ಲಿ ಗ್ಯಾಸ್. ಬಿಸಿ ನೇರವಾಗಿ ತಾಮ್ರಕ್ಕೆ ಇಳಿಯುತ್ತದೆ. ನನ್ನನ್ನು ಕೇಳಿದರೆ ಇಡೀ ವಂಶದಲ್ಲಿ ಅತ್ಯಂತ ಚೆಲುವಾದ ಯಂತ್ರ ಅದೇ.

ಇಷ್ಟೆಲ್ಲ ಆದಮೇಲೂ ಗೋಡೆಯಿಂದ ಎಳೆದ ವಿದ್ಯುತ್ತಿನ ಹತ್ತನೇ ಒಂದು ಭಾಗದಷ್ಟೇ ಬೆಳಕಾಗುತ್ತದೆ. ನಿಮ್ಮ 4 ಕಿಲೋವಾಟ್‌ಗೆ 40 ಕಿಲೋವಾಟ್ ಹೋಯಿತು, ನೀರು ತಣಿಸುವ ಚಿಲ್ಲರ್‌ನದು ಬೇರೆ. ಫೈಬರ್ ಲೇಸರ್‌ನಲ್ಲಿ ಮೂರನೇ ಒಂದು ಭಾಗದ ಆಸುಪಾಸು ಬೆಳಕಾಗುತ್ತದೆ. ಹೀಲಿಯಂ ಸಿಲಿಂಡರಿನ ದರ ನಿಮಗೆ ಈಗಾಗಲೇ ಗೊತ್ತಿರಬಹುದು, ಅದು ಹೆಚ್ಚಾಗಿ ಹೊರದೇಶದಿಂದ ಬರುವ ಸರಕು.

ಖರ್ಚಿಗಿಂತ ಹೆಚ್ಚು ಕಾಡುವುದು ದೋಷ ಹುಡುಕುವ ಕೆಲಸ. ಒಂದು ಪ್ರಸಂಗ ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ. 10 ಮಿಲಿಮೀಟರ್ ಎಂಎಸ್ (ಸಾದಾ ಉಕ್ಕಿನ) ತಗಡನ್ನು ಬೆಳಿಗ್ಗೆಯೆಲ್ಲ ಬೆಣ್ಣೆಯಂತೆ ಕತ್ತರಿಸುತ್ತಿದ್ದ ಯಂತ್ರ, ಊಟದ ನಂತರ ಕತ್ತರಿಸಿದ ಅಂಚಿನಲ್ಲಿ ಕೆಟ್ಟ ಬರ್ (ಚೂಪು ಮುಳ್ಳು) ಬಿಡುತ್ತಿತ್ತು. ಅದೂ ಟೇಬಲ್‌ನ ದೂರದ ಮೂಲೆಯಲ್ಲಿ ಮಾತ್ರ. ಲೆನ್ಸ್ ಬದಲಿಸಿದೆ. ಆ ಲೆನ್ಸ್ ಗಾಜಿನದಲ್ಲ, ಝಿಂಕ್ ಸೆಲಿನೈಡ್‌ನದು, ಅರಿಶಿನ ಹಾಕಿದ ಸಕ್ಕರೆ ಪಾಕದ ಬಣ್ಣ, ಕೈತಪ್ಪಿದರೆ ಒಂದು ತಿಂಗಳ ಸಂಬಳ. ನಾಜಲ್ ಬಾಯಿಗೆ ಟೇಪ್ ಅಂಟಿಸಿ ಒಂದು ಚಿಟಿಕೆ ಕಿರಣ ಹೊಡೆದು ತೂತು ನಟ್ಟನಡುವೆ ಬಿದ್ದಿದೆಯೇ ಎಂದು ನೋಡಿದೆ. ಬಿದ್ದಿತ್ತು. ಕನ್ನಡಿಗಳನ್ನೆಲ್ಲ ಒರೆಸಿದೆ. ಎರಡು ದಿನ ಹೋಯಿತು, ಮ್ಯಾನೇಜರ್ ಮಾತನಾಡುವುದನ್ನು ಬಿಟ್ಟರು.

ಮೂರನೆಯ ದಿನ ಅಕ್ರಿಲಿಕ್ ತುಂಡು ತಂದೆ. ಈ ಕಿರಣ ಕಣ್ಣಿಗೆ ಕಾಣುವುದಿಲ್ಲ. ಕಿರಣದ ದಾರಿಯಲ್ಲಿ ದಪ್ಪ ಅಕ್ರಿಲಿಕ್ ಇಟ್ಟು, ಹೊಗೆ ಒಳಗೆ ನಿಲ್ಲದಂತೆ ಗಾಳಿ ಊದುತ್ತಾ, ಕ್ಷಣಕಾಲ ಬಿಟ್ಟರೆ ಅದರ ಆಕಾರ ಗುಳಿಯಾಗಿ ಅಚ್ಚಾಗುತ್ತದೆ. ಊಟ ಮುಗಿಸಿ ಬಂದು ಲೇಸರ್‌ನ ಬಾಯಿಯ ಹತ್ತಿರ ಒಂದು ಅಚ್ಚು ತೆಗೆದೆ: ರಾಗಿಮುದ್ದೆಗೆ ಹೆಬ್ಬೆರಳೊತ್ತಿದ ಹಾಗೆ ದುಂಡಗೆ, ನುಣ್ಣಗೆ. ಟೇಬಲ್‌ನ ದೂರದ ತುದಿಯಲ್ಲಿ ಇನ್ನೊಂದು ತೆಗೆದೆ: ತೋತಾಪುರಿ ಮಾವಿನಂತೆ ಒಂದು ಕಡೆಗೆ ಎಳೆದುಕೊಂಡಿತ್ತು. ಹಾಗಾದರೆ ಲೇಸರ್ ಸರಿಯಿದೆ, ಕೆಡುತ್ತಿರುವುದು ನಡುದಾರಿಯಲ್ಲಿ. ಆ ದಾರಿಯಲ್ಲಿ ಇದ್ದದ್ದಾದರೂ ಏನು? ಕಿರಣದ ದಾರಿಯನ್ನು ಮುಚ್ಚುವ ಮಡಿಕೆ ಮಡಿಕೆಯ ಬೆಲ್ಲೋಸ್, ಅದರೊಳಗೆ ಗಾಳಿ.

ನನ್ನ ಜೊತೆಗಿದ್ದ ಹೆಲ್ಪರ್ ಹುಡುಗ ದೇಂಕನಿಕೋಟೆಯವನು. ಮನೆಯಲ್ಲಿ ತೆಲುಗು, ಸೂಪರ್‌ವೈಸರ್ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ. ಬಿಡುವಾದಾಗ ಪೇಂಟ್ ಶೆಡ್‌ಗೂ ಹೋಗುತ್ತಿದ್ದ. “ಸಾರ್, ಮಧ್ಯಾಹ್ನ ಈ ಯಂತ್ರದ ಹಿಂದೆ ನಿಂತರೆ ನನಗೇ ತಲೆ ತಿರುಗುತ್ತದೆ, ಅದಕ್ಕೆ ತಿರುಗದೆ ಇರುತ್ತದೆಯೇ?” ಎಂದ. ಹಿಂದೆ ಹೋಗಿ ಮೂಸಿದೆ. ಥಿನ್ನರ್ ವಾಸನೆ. ಪಕ್ಕದ ಪೇಂಟ್ ಶೆಡ್ ಶುರುವಾಗುತ್ತಿದ್ದುದೇ ಊಟದ ನಂತರ. ಬೆಲ್ಲೋಸ್‌ಗೆ ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿ ಆ ಗೋಡೆಯ ಕಿಟಕಿಗೆ ಎರಡು ಅಡಿ ದೂರ. ಸಿಓಟು ಕಿರಣದ ತರಂಗಾಂತರ 10.6 ಮೈಕ್ರಾನ್. ಅದನ್ನು ದ್ರಾವಕಗಳ ಆವಿ ಹೀರಿಕೊಂಡು ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಕಿರಣವನ್ನು ಹರಡಿಬಿಡುತ್ತದೆ. ದಾರಿ ಉದ್ದವಾದಷ್ಟೂ ಕೇಡು ಹೆಚ್ಚು. ದೂರದ ಮೂಲೆಯೇ ಯಾಕೆ ಕೆಡುತ್ತಿತ್ತು ಎಂಬುದಕ್ಕೂ ಅದೇ ಉತ್ತರ. ಪೈಪಿನ ಬಾಯನ್ನು ಇನ್ನೊಂದು ಕಡೆಗೆ ತಿರುಗಿಸಿ ಫಿಲ್ಟರ್ ಹಾಕಿಸಿದೆ. ರಿಪೇರಿಗೆ ಹಿಡಿದದ್ದು ಒಂದು ಗಂಟೆ. ನಿಮ್ಮ ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಪೇಂಟಿಂಗ್ ಎಲ್ಲಿ ನಡೆಯುತ್ತದೆ ಎಂದು ಈಗ ಒಮ್ಮೆ ಯೋಚಿಸಿ.

ಇನ್ನು ವೆಲ್ಡಿಂಗ್. ಸಿಓಟು ಲೇಸರ್‌ನಿಂದ ವೆಲ್ಡಿಂಗ್ ಆಗುವುದಿಲ್ಲವೆಂದಲ್ಲ, ದೊಡ್ಡ ಕಾರ್ಖಾನೆಗಳು ಗೇರ್‌ಗಳನ್ನು ಹಾಗೆ ಬೆಸೆದಿವೆ. ಆದರೆ ಈ ಕಿರಣವನ್ನು ಗಾಜು ಹೀರುತ್ತದೆ, ಹಾಗಾಗಿ ಗಾಜಿನ ಎಳೆಯಲ್ಲಿ ಹಾಯಿಸಲು ಬರುವುದಿಲ್ಲ, ಕನ್ನಡಿಯಿಂದ ಕನ್ನಡಿಗೇ ಎಸೆಯಬೇಕು. ಕೈಯಲ್ಲಿ ಗನ್ ಹಿಡಿದು ಮೂಲೆಗೆ ಹೋಗುವ ಆಸೆ ಅಲ್ಲೇ ಮುಗಿಯಿತು. ಜೊತೆಗೆ, ಕುದಿಯುವ ಲೋಹದ ಮೇಲೆ ಏಳುವ ಪ್ಲಾಸ್ಮಾ ಮೋಡ ಉದ್ದ ತರಂಗವನ್ನು ಹೆಚ್ಚು ನುಂಗುತ್ತದೆ. ತರಂಗಾಂತರ ಹತ್ತು ಪಟ್ಟಾದರೆ ನುಂಗುವುದು ಸುಮಾರು ನೂರು ಪಟ್ಟು. ಬೆಸುಗೆಯನ್ನು ಗಾಳಿಯಿಂದ ಕಾಯಲು ಆರ್ಗಾನ್ ಹಾಕಿದರೆ ಮೋಡ ದಟ್ಟವಾಗುತ್ತದೆ, ಆದ್ದರಿಂದ ಬೆಸುಗೆಯ ಮೇಲೂ ಹೀಲಿಯಂ ಊದಬೇಕು. ಫೈಬರ್ ಲೇಸರ್‌ನ ತರಂಗಾಂತರ 1.07 ಮೈಕ್ರಾನ್, ಅದಕ್ಕೆ ಆರ್ಗಾನ್ ಅಥವಾ ನೈಟ್ರೋಜನ್ ಸಾಕು.

ಹಾಗೆಂದು ಕೈ ವೆಲ್ಡಿಂಗ್ ಯಂತ್ರವನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. ಮಾರುವವರು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತಗಡಿನ ಎರಡು ತುಂಡನ್ನು ಜೋಡಿಸಿ ಬೆಳ್ಳಿಗೆರೆ ಎಳೆದು ತೋರಿಸುತ್ತಾರೆ, ನಿಜವಾಗಿಯೂ ಚೆನ್ನಾಗಿರುತ್ತದೆ. ಹೋಟೆಲ್ ಅಡುಗೆಮನೆಯ ಟೇಬಲ್, ಸಿಂಕ್, ತೆಳು ಪೆಟ್ಟಿಗೆಗಳಿಗೆ ಟಿಗ್ ಆರ್ಕ್ ವೆಲ್ಡಿಂಗ್‌ಗಿಂತ ಎಷ್ಟೋ ಬೇಗ, ತಗಡು ಡೊಂಕಾಗುವುದೂ ಕಡಿಮೆ. ಆದರೆ ಗ್ರೈಂಡರ್‌ನಲ್ಲಿ ಕಣ್ಣಳತೆಗೆ ಕತ್ತರಿಸಿದ ಎಂಎಸ್ ಪೈಪಿನ ಗೇಟ್ ಕೆಲಸಕ್ಕೆ ಇದು ಒಗ್ಗುವುದಿಲ್ಲ. ಲೇಸರ್ ವೆಲ್ಡಿಂಗ್‌ನಲ್ಲಿ ಸಂದು ತಗಡಿನ ದಪ್ಪದ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ನಮ್ಮ ಕೈಲೆಕ್ಕ. 1.5 ಮಿಲಿಮೀಟರ್ ತಗಡಿಗೆ 0.15. ಕಿರಣವನ್ನು ಅತ್ತಿತ್ತ ತೂಗಾಡಿಸುವ ವಾಬಲ್ ತಲೆ, ವೈರ್ ಫೀಡರ್ ಇದ್ದರೆ ಇನ್ನಷ್ಟು ಸಹಿಸುತ್ತದೆ, ಆದರೂ ತಂತಿ ಕರಗಿಸಿ ತುಂಬುವ ಮಿಗ್ ವೆಲ್ಡಿಂಗ್‌ನಂತೆ ತಪ್ಪನ್ನೆಲ್ಲ ತುಂಬಿ ಮುಚ್ಚುವುದಿಲ್ಲ. ಸತು ಲೇಪಿಸಿದ ಜಿಐ ತಗಡಿನದು ಇದಕ್ಕೆ ತದ್ವಿರುದ್ಧ: ಸತು 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಉಕ್ಕು ಕರಗಲು 1500 ಡಿಗ್ರಿಯ ಹತ್ತಿರ ಹೋಗಬೇಕು. ಒಂದರ ಮೇಲೊಂದು ಒತ್ತಿಟ್ಟು ಹೊಡೆದರೆ ಆವಿ ಹೊರಗೆ ಹೋಗಲಾಗದೆ ಕರಗಿದ ಲೋಹವನ್ನೇ ಸಿಡಿಸುತ್ತದೆ. ಅಲ್ಲಿ ಬೇಕೆಂದೇ 0.1ರಿಂದ 0.2 ಸಂದು ಬಿಡುತ್ತಾರೆ. ಹಾಗಾಗಿ ಯಂತ್ರಕ್ಕೆ ಇಟ್ಟ ಹಣದಲ್ಲಿ ಒಂದು ಪಾಲು ತುಂಡುಗಳನ್ನು ಅಲುಗದಂತೆ ಹಿಡಿಯುವ ಜಿಗ್, ಕ್ಲಾಂಪುಗಳಿಗೆ ಎತ್ತಿಡಿ.

ಕಣ್ಣಿನ ವಿಷಯದಲ್ಲಿ ಮಾತ್ರ ನಾನು ಜಗಳಗಂಟ. ಸಿಓಟು ಕಿರಣ ಕಣ್ಣಿನ ಮೇಲ್ಪದರದಲ್ಲೇ ನಿಲ್ಲುತ್ತದೆ, ಅದನ್ನು ತಡೆಯಲು ಸಾದಾ ಅಕ್ರಿಲಿಕ್ ಪರದೆ ಹಾಕುತ್ತಿದ್ದೆವು. ಫೈಬರ್ ಕಿರಣ ಅದೇ ಅಕ್ರಿಲಿಕ್ ದಾಟಿ, ಕಣ್ಣಿನ ಲೆನ್ಸ್ ದಾಟಿ ರೆಟಿನಾದ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಸುಟ್ಟರೂ ನೋಯುವುದಿಲ್ಲ. ಆರ್ಕ್ ವೆಲ್ಡಿಂಗ್‌ನ ಕಪ್ಪು ಗಾಜನ್ನು ನಂಬಬೇಡಿ, 1070 ನ್ಯಾನೋಮೀಟರಿಗೆಂದೇ ಅಚ್ಚೊತ್ತಿದ ಕನ್ನಡಕ ಬೇಕು, ಗನ್ ಹಿಡಿದವನಿಗಷ್ಟೇ ಅಲ್ಲದೆ ಚಹಾ ತಂದುಕೊಡುವ ಹುಡುಗನಿಗೂ. ಅದಕ್ಕೇ ನಾಲ್ಕು ಕಡೆ ತಗಡು ಹೊಡೆದು ಕೋಣೆ ಮಾಡಿ. ನಾಜಲ್ ಲೋಹಕ್ಕೆ ತಾಗಿದರೆ ಮಾತ್ರ ಕಿರಣ ಬರುವಂತೆ ಒಂದು ಕ್ಲಿಪ್ ಇರುತ್ತದೆ. ಅದನ್ನು ವೈರ್ ಸುತ್ತಿ ಶಾರ್ಟ್ ಮಾಡಿಟ್ಟ ಶೆಡ್‌ಗಳನ್ನು ನೋಡಿದ್ದೇನೆ, ಒಳಗೆ ಕಾಲಿಡದೆ ವಾಪಸು ಬಂದಿದ್ದೇನೆ.

ಕಾಸರಗೋಡಿನ ಕಡೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಉಪ್ಪಳದ ಪರಿಚಿತರೊಬ್ಬರ ಯಂತ್ರದಲ್ಲಿ ಜೂನ್ ಬಂದರೆ ಎರಡು ದಿನಕ್ಕೊಂದು ಲೆನ್ಸ್ ಕಾಯುವ ರಕ್ಷಣಾ ಗಾಜು ಸುಡುತ್ತಿತ್ತು. ಚಿಲ್ಲರ್ ನೀರನ್ನು 20 ಡಿಗ್ರಿಗೆ ಇಟ್ಟಿದ್ದರು. ಆ ಮಳೆಗಾಲದ ಗಾಳಿಯಲ್ಲಿ ಅಷ್ಟು ತಣ್ಣನೆಯ ತಲೆಯ ಮೇಲೆ ಮಜ್ಜಿಗೆ ಚೊಂಬಿನಂತೆ ನೀರು ಬೆವರುತ್ತದೆ. ಯಂತ್ರದ ಪುಸ್ತಕದ ಮಿತಿಯೊಳಗೆ ನೀರಿನ ಉಷ್ಣತೆ ಏರಿಸಿದ ಮೇಲೆ ನಿಂತಿತು.

ಇಷ್ಟಾದರೂ ಆ ಹಳೆಯ ಯಂತ್ರದ ಮೇಲೆ ಮನಸ್ಸಿದ್ದರೆ, ಬೋರ್ಡ್ ಕೆಲಸದ ಅಕ್ರಿಲಿಕ್, ಮರ ಕತ್ತರಿಸಲು ಸಿಓಟು ಇಂದಿಗೂ ಫೈಬರ್‌ಗಿಂತ ಮೇಲು ಎಂಬುದು ನಿಜ, ಆದರೆ ಅದಕ್ಕೆ ನೂರು ವಾಟ್ ಚಿಲ್ಲರೆಯ ಗಾಜಿನ ಟ್ಯೂಬ್ ಸಾಕು, 4 ಕಿಲೋವಾಟ್ ಬೇಡ. ನೋಡಲು ಹೋಗಲೇಬೇಕೆಂದರೆ 12 ಮಿಲಿಮೀಟರ್ ಎಂಎಸ್ ತಗಡು ಜೊತೆಗೆ ಒಯ್ಯಿರಿ. ಮಧ್ಯಾಹ್ನ, ಯಂತ್ರ ಬಿಸಿಯಾದ ಮೇಲೆ, ಟೇಬಲ್‌ನ ನಾಲ್ಕು ಮೂಲೆಯಲ್ಲೂ ಒಂದೇ ಅಳತೆಯ ದುಂಡು ತೂತು ಕತ್ತರಿಸಲು ಹೇಳಿ. ಕರೆಂಟ್ ಇಲ್ಲ, ಗ್ಯಾಸ್ ಮುಗಿದಿದೆ, ಆಪರೇಟರ್ ರಜೆಯಲ್ಲಿದ್ದಾನೆ ಎಂದರೆ ಅವರು ಕೊಟ್ಟ ಚಹಾ ಕುಡಿದು, ಅತ್ತಿಬೆಲೆ ದಾಟುವುದರೊಳಗೆ ಅದನ್ನು ಮರೆತುಬಿಡಿ.