ಮತದ ಹಕ್ಕು ‘ಸುಮ್ಮನೆ’ ಸಿಕ್ಕಿತು ಎನ್ನುವವರಿಗೆ

ಚುನಾವಣೆ ಹತ್ತಿರ ಬಂದಾಗ ಒಮ್ಮೆ, ಮಹಿಳಾ ದಿನದ ಹೊತ್ತಿಗೆ ಇನ್ನೊಮ್ಮೆ, ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ಸಾಕಾಗಿದೆ. ವಯಸ್ಕ ಮತಾಧಿಕಾರ ಎಂದರೇನು ಎಂಬುದು ಶಾಲೆಯ ಪಠ್ಯದಲ್ಲಿದೆ. ಅದನ್ನು ಇಲ್ಲಿ ಹುಡುಕಬೇಡಿ.

ಪ್ರಶ್ನೆ: ಇಂಗ್ಲೆಂಡಿನ ಹೆಂಗಸರು ಜೈಲು ಸೇರಿ, ಉಪವಾಸ ಬಿದ್ದು ಮತದ ಹಕ್ಕು ಪಡೆದರು. ನಮ್ಮಲ್ಲಿ ಯಾರೂ ಕೇಳದೆಯೇ 1950ರಲ್ಲಿ ಸಂವಿಧಾನ ಕೊಟ್ಟುಬಿಟ್ಟಿತು. ಹೋರಾಟವಿಲ್ಲದೆ ಸಿಕ್ಕಿದ್ದರಿಂದಲೇ ಅದಕ್ಕೆ ಬೆಲೆ ಇಲ್ಲ, ಅಲ್ಲವೇ?

ಉತ್ತರ: ಅಲ್ಲ. ಮೊಬೈಲಿನಲ್ಲಿ ಹರಿದಾಡುವ ಎರಡು ನಿಮಿಷದ ‘ಇತಿಹಾಸ’ ನೋಡಿದವರು ಬರೆಯುವ ಪ್ರಶ್ನೆ ಇದು. ವಿಡಿಯೊ ಮಾಡಿದವರಿಗೆ, ಇಂಗ್ಲೆಂಡಿನವರಂತೆ ಕಿಟಕಿಯ ಗಾಜು ಒಡೆಯದಿದ್ದರೆ ಅದು ಹೋರಾಟವೇ ಅಲ್ಲ.

1917ರ ಡಿಸೆಂಬರಿನಲ್ಲಿ, ಭಾರತ ವ್ಯವಹಾರಗಳ ಬ್ರಿಟಿಷ್ ಸಚಿವ ಮಾಂಟೆಗು ಮದ್ರಾಸಿಗೆ ಬಂದಾಗ ಸರೋಜಿನಿ ನಾಯ್ಡು ಮಹಿಳೆಯರ ನಿಯೋಗವೊಂದನ್ನು ಕರೆದೊಯ್ದು ಮತದ ಹಕ್ಕು ಕೇಳಿದರು. ಅದರ ಹಿಂದೆ ಓಡಾಡಿದವರು ಅದೇ ವರ್ಷ ಅಡ್ಯಾರಿನಲ್ಲಿ ಹುಟ್ಟಿದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್‌ನ ಮಾರ್ಗರೆಟ್ ಕಸಿನ್ಸ್. ಆಗಿನ್ನೂ ಬ್ರಿಟನ್ನಿನ ಮಹಿಳೆಯರಿಗೇ ಸಂಸತ್ತಿನ ಚುನಾವಣೆಯಲ್ಲಿ ಮತವಿರಲಿಲ್ಲ. ಮತಾಧಿಕಾರ ಯಾರಿಗೆಂದು ತೀರ್ಮಾನಿಸಲು ಬಂದ ಸೌತ್‌ಬರೊ ಸಮಿತಿ, ಪರದೆ ಪದ್ಧತಿ ಇರುವ ಸಮಾಜ ಇದಕ್ಕೆ ಸಿದ್ಧವಾಗಿಲ್ಲ ಎಂದು 1919ರಲ್ಲಿ ಕೈ ತೊಳೆದುಕೊಂಡಿತು. ಅಷ್ಟಕ್ಕೆ ಇವರು ಮನೆಯಲ್ಲಿ ಕೂರಲಿಲ್ಲ. ಸರೋಜಿನಿ, ಆನಿ ಬೆಸೆಂಟ್, ಮುಂಬೈನ ಹೆರಾಬಾಯಿ ಟಾಟಾ ಮತ್ತು ಅವರ ಮಗಳು ಮಿಠನ್ ಲಂಡನ್ನಿಗೇ ಹೋಗಿ ಸಂಸತ್ತಿನ ಸಮಿತಿಯ ಮುಂದೆ ವಾದ ಹೂಡಿದರು. ಲಂಡನ್ ಜಾಣತನ ತೋರಿತು: ತಾನು ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ, ಪ್ರಾಂತ್ಯದ ಶಾಸನಸಭೆಗಳೇ ನಿರ್ಧರಿಸಲಿ ಎಂದು ದಾಟಿಸಿತು.

ಅಲ್ಲಿಂದ ಶುರುವಾಯಿತು ಬಾಗಿಲು ಬಾಗಿಲು ತಟ್ಟುವ ಕೆಲಸ. ಮದ್ರಾಸ್ ಮತ್ತು ಮುಂಬೈ 1921ರಲ್ಲಿ ಒಪ್ಪಿದವು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಮಹಿಳೆಯರು ಮತ ಹಾಕಲು 1923ರ ಕಾಯ್ದೆ ದಾರಿ ಮಾಡಿತು. ಸುಧಾರಣೆಯ ತವರೆಂದು ಬೀಗುವ ಬಂಗಾಳ 1921ರಲ್ಲಿ ನಿರಾಕರಿಸಿ, 1925ರಲ್ಲಿ ಮಣಿಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಕೂದಲೆಳೆಯ ಅಂತರದಲ್ಲಿ ಸೋತರು. ಮರುವರ್ಷ ಅದೇ ಸಭೆಗೆ ನಾಮಕರಣಗೊಂಡ ಮುತ್ತುಲಕ್ಷ್ಮಿ ರೆಡ್ಡಿ ಉಪಾಧ್ಯಕ್ಷರೂ ಆದರು. ಇದೆಲ್ಲ ಯಾರೂ ಕೇಳದೆ ಆಯಿತೇ?

ಈ ಮತಕ್ಕೂ ಆಸ್ತಿಯ ಗಂಟು ಬಿದ್ದಿತ್ತು. ಹೊಲ, ಮನೆ, ತೆರಿಗೆ ಎಲ್ಲ ಗಂಡಸರ ಹೆಸರಿನಲ್ಲಿದ್ದ ಕಾಲದಲ್ಲಿ ಎಷ್ಟು ಹೆಂಗಸರು ಅರ್ಹರಾಗಿರಬಹುದು, ನೀವೇ ಲೆಕ್ಕ ಹಾಕಿ. 1935ರ ಭಾರತ ಸರ್ಕಾರ ಕಾಯ್ದೆ ಓದು ಬರಹ ಬಲ್ಲವರನ್ನೂ ಆಸ್ತಿವಂತರ ಹೆಂಡತಿಯರನ್ನೂ ಸೇರಿಸಿಕೊಂಡಿತು. ‘ಹೆಂಡತಿ’ ಎಂಬ ಅರ್ಹತೆಯಿಂದ ಮತ ಬೇಡ, ವಯಸ್ಸಿಗೆ ಬಂದ ಎಲ್ಲರಿಗೂ ಕೊಡಿ ಎಂದು ಮಹಿಳಾ ಸಂಘಟನೆಗಳು ಅದಕ್ಕೂ ಮೊದಲೇ ಪಟ್ಟು ಹಿಡಿದಿದ್ದವು. ವಯಸ್ಕರೆಲ್ಲರಿಗೂ ಮತ ಕೊಟ್ಟ ಸಂವಿಧಾನದ 326ನೇ ವಿಧಿ ಎಲ್ಲಿಂದ ಬಂತು ಎಂದು ಕೇಳುವವರು ಈ ಪಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಸಂವಿಧಾನ ಬಂದ ಮೇಲೂ ಕಥೆ ಮುಗಿಯಲಿಲ್ಲ. ನನಗೆ ಬೇಸರ ತರುವುದು ಈ ಭಾಗವನ್ನು ಯಾರೂ ಕೇಳದಿರುವುದು. ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಸಿದ್ಧವಾಗುತ್ತಿತ್ತು. ಪಟ್ಟಿ ಬರೆಯುವವನು ಹೊಸ್ತಿಲ ಹೊರಗೆ ನಿಂತು ಹೆಸರು ಕೇಳುತ್ತಾನೆ. ಪರಪುರುಷನಿಗೆ ಹೆಸರು ಹೇಳುವ ರೂಢಿ ಆ ಮನೆಗಳಲ್ಲಿಲ್ಲ. ಬಾಗಿಲ ಮರೆಯಿಂದ ಬರುವ ಉತ್ತರ: ‘ಇಂಥವನ ಹೆಂಡತಿ’, ‘ಇಂಥವನ ತಾಯಿ’. ಅವನು ಹಾಗೆಯೇ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಆಗ ರಾಜ್ಯಗಳಾಗಿದ್ದ ಮಧ್ಯಭಾರತ, ವಿಂಧ್ಯ ಪ್ರದೇಶದ ಪಟ್ಟಿಗಳಲ್ಲಿ ಇಂಥ ಸಾಲುಗಳು ರಾಶಿ ರಾಶಿ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಒಪ್ಪಲಿಲ್ಲ: ಮತದಾರಳಿಗೆ ಸ್ವಂತ ಹೆಸರು ಇರಬೇಕು, ಇಲ್ಲದಿದ್ದರೆ ಆ ಸಾಲು ತೆಗೆಯಿರಿ. ಬಿಹಾರಕ್ಕೆ ಒಂದು ತಿಂಗಳ ಹೆಚ್ಚುವರಿ ಅವಧಿ ಸಿಕ್ಕಿತು, ಅದು ಉಪಯೋಗಕ್ಕೂ ಬಂತು. ರಾಜಸ್ಥಾನದಲ್ಲಿ ಅಷ್ಟಾಗಿ ಬರಲಿಲ್ಲ. ಕೊನೆಗೆ ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ ಸುಮಾರು 28 ಲಕ್ಷ ಮಂದಿ ಪಟ್ಟಿಯಿಂದ ಹೊರಬಿದ್ದರು.

ಸೇನ್ ಮಾಡಿದ್ದು ಸರಿಯೇ ಎಂದು ಕೇಳುತ್ತೀರಿ. ಸರಿ ಎಂದೇ ನನ್ನ ಅಭಿಪ್ರಾಯ. ‘ಇಂಥವನ ಹೆಂಡತಿ’ ಎಂಬ ಸಾಲನ್ನು ಉಳಿಸಿದ್ದರೆ ಆ ಹೆಸರಿನಲ್ಲಿ ಯಾರು ಬೇಕಾದರೂ ಮತ ಹಾಕಬಹುದಿತ್ತು, ಮುಂದಿನ ಪಟ್ಟಿಯಲ್ಲೂ ಅದೇ ಮುಂದುವರಿಯುತ್ತಿತ್ತು. ಆದರೆ ಆ 28 ಲಕ್ಷ ಮಂದಿಗೆ 1952ರಲ್ಲಿ ಮತವಿರಲಿಲ್ಲ ಎಂಬುದೂ ಅಷ್ಟೇ ನಿಜ. ‘1950ರಲ್ಲಿ ಎಲ್ಲರಿಗೂ ಸಿಕ್ಕಿತು’ ಎಂದು ಬರೆಯುವ ಮುನ್ನ ಇದನ್ನು ನೆನಪಿಡಿ.

ಪ್ರಶ್ನೆ: ಸ್ವಿಟ್ಜರ್‌ಲೆಂಡಿನಲ್ಲಿ ಮಹಿಳೆಯರಿಗೆ 1971ರವರೆಗೆ ಮತವಿರಲಿಲ್ಲ ಎಂಬುದು ಸುಳ್ಳು ಸುದ್ದಿಯೇ?

ಉತ್ತರ: ನಿಜ. ಗಂಡಸರಷ್ಟೇ ಮತ ಹಾಕಿದ ಜನಮತಗಣನೆಯಲ್ಲಿ ಅದು ತೀರ್ಮಾನವಾಯಿತು. ಒಂದು ಪ್ರಾಂತ್ಯವಂತೂ ತನ್ನ ಸ್ಥಳೀಯ ವ್ಯವಹಾರದಲ್ಲಿ ಮತ ಕೊಡಲು 1990ರ ನ್ಯಾಯಾಲಯದ ತೀರ್ಪಿನವರೆಗೆ ಕಾಯಿಸಿತು.

ಪ್ರಶ್ನೆ: ಚೋಳರ ಉತ್ತರಮೇರೂರು ಶಾಸನದ ಪ್ರಕಾರ ಸಾವಿರ ವರ್ಷದ ಹಿಂದೆಯೇ ನಮ್ಮ ಮಹಿಳೆಯರು ಮತ ಹಾಕುತ್ತಿದ್ದರಂತೆ?

ಉತ್ತರ: ಶಾಸನ ಓದಿದವರು ಯಾರೂ ಹೀಗೆ ಹೇಳುವುದಿಲ್ಲ. ಭೂಮಿ, ಸ್ವಂತ ಮನೆ, ವೇದಜ್ಞಾನ ಉಳ್ಳವರ ಹೆಸರುಗಳನ್ನು ಓಲೆಯಲ್ಲಿ ಬರೆದು ಮಡಕೆಗೆ ಹಾಕಿ ಹುಡುಗನ ಕೈಯಿಂದ ಎತ್ತಿಸುವ ಕ್ರಮ ಅದು. ಚೀಟಿ ಎತ್ತುವುದು ಮತದಾನವಲ್ಲ. ಹೆಮ್ಮೆ ಪಡಲು ಬೇರೆ ಬೇಕಾದಷ್ಟು ಇದೆ; ಇಲ್ಲದ್ದನ್ನು ಕಟ್ಟಬೇಡಿ.

ಪ್ರಶ್ನೆ: ಹೆಂಗಸರು ಗಂಡ ಹೇಳಿದವರಿಗೇ ಮತ ಹಾಕುತ್ತಾರೆ. ಹಾಗಾದರೆ ಮದುವೆಯಾದ ಗಂಡಸಿಗೆ ಎರಡು ಮತ ಬಂದಂತಲ್ಲವೇ?

ಉತ್ತರ: ಮತದಾನ ಗುಪ್ತವಾದದ್ದು. ನಿಮ್ಮ ಮನೆಯವರು ಯಾರಿಗೆ ಹಾಕಿದರು ಎಂಬುದು ನಿಮಗೆ ಗೊತ್ತು ಎನ್ನುವುದು ನಿಮ್ಮ ನಂಬಿಕೆ ಮಾತ್ರ.

ಪ್ರಶ್ನೆ: ಮದುವೆಯಾಗಿ ಬೇರೆ ಊರಿಗೆ ಬಂದಿದ್ದೇನೆ. ಮತದಾರರ ಗುರುತಿನ ಚೀಟಿ ತವರಿನ ವಿಳಾಸದಲ್ಲಿದೆ. ಅದನ್ನೇ ತೋರಿಸಿ ಇಲ್ಲಿ ಮತ ಹಾಕಬಹುದೇ?

ಉತ್ತರ: ಆಗುವುದಿಲ್ಲ. ಚೀಟಿ ಇದ್ದರೆ ಸಾಲದು, ಇಲ್ಲಿನ ಪಟ್ಟಿಯಲ್ಲಿ ಹೆಸರಿರಬೇಕು. ನಮೂನೆ 8ರಲ್ಲಿ ಸ್ಥಳಾಂತರಕ್ಕೆ ಅರ್ಜಿ ಹಾಕಿ. ಗಂಡನೋ ಮಾವನೋ ಮಾಡಿಸುತ್ತಾರೆ ಎಂದು ಕಾಯಬೇಡಿ. ನೀವೇ ಹಾಕಿ, ಅರ್ಜಿಯ ಸಂಖ್ಯೆ ಬರೆದಿಟ್ಟುಕೊಳ್ಳಿ, ಪಟ್ಟಿ ಬಂದಾಗ ಹೆಸರಿನ ಕಾಗುಣಿತ ನೋಡಿ. ಮಾಡಿಸಿಕೊಡುತ್ತೇವೆಂದು ದುಡ್ಡು ಕೇಳುವವರಿಂದ ದೂರವಿರಿ, ಈ ಅರ್ಜಿಗೆ ಶುಲ್ಕವೇ ಇಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ಆದ್ದರಿಂದ ಮತದಾನದ ಹಿಂದಿನ ದಿನ ನನಗೆ ಪತ್ರ ಬರೆದು ಪ್ರಯೋಜನವಿಲ್ಲ.