ನಮ್ಮ ರೋಬಸ್ಟಾಗೂ ರುಚಿ ಇದೆಯಾ?

ಮಡಿಕೇರಿಯಲ್ಲಿ ನನ್ನದು ನಾಲ್ಕೇ ಮೇಜಿನ ಕಾಫಿ ಅಂಗಡಿ. ಬೀಜ ಹುರಿಯುವುದೂ ಅದರ ಹಿಂದಿನ ಕೋಣೆಯಲ್ಲೇ. ಈ ಸಲ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆದಿದ್ದೇನೆ. ರೋಬಸ್ಟಾ, ಅರೇಬಿಕಾ ಅಂದರೆ ನಮ್ಮಲ್ಲಿ ಬೆಳೆಯುವ ಎರಡು ಜಾತಿಯ ಕಾಫಿ.

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದು ಎಂಟು ಎಕರೆ ರೋಬಸ್ಟಾ ತೋಟ. ಕುಯ್ದು, ಕಣದಲ್ಲಿ ಒಣಗಿಸಿ, ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಲೆಕ್ಕದಲ್ಲಿ ವ್ಯಾಪಾರಿಗೆ ಕೊಟ್ಟುಬಿಡುತ್ತೇವೆ. ಬೆಂಗಳೂರಿನಲ್ಲಿರುವ ಮಗ ‘ಸ್ಪೆಷಾಲಿಟಿ ಮಾಡೋಣ, ಕೆಫೆಗಳಿಗೆ ಮಾರೋಣ’ ಅಂತ ವರಾತ ಹಚ್ಚಿದ್ದಾನೆ. ಅದೆಲ್ಲ ಅರೇಬಿಕಾಕ್ಕೆ ತಾನೇ?

ಉತ್ತರ: ಅಲ್ಲ ಸರ್. ರೋಬಸ್ಟಾದಲ್ಲೂ ಆಗುತ್ತದೆ. ಆದರೆ ಎಂಟು ಎಕರೆಗೂ ಒಂದೇ ವರ್ಷ ಕೈ ಹಾಕಬೇಡಿ.

ಸ್ಪೆಷಾಲಿಟಿ ಅನ್ನುವುದು ಗಿಡದ ಜಾತಿಯಲ್ಲ, ಕಪ್‌ನಲ್ಲಿರುವ ಕಾಫಿಯ ರುಚಿಗೆ ಸಿಗುವ ಅಂಕ. ತರಬೇತಿ ಪಡೆದವರು ರುಚಿ ನೋಡಿ ನೂರಕ್ಕೆ ಇಷ್ಟು ಅಂತ ಕೊಡುತ್ತಾರೆ, 80 ಮುಟ್ಟಿದರೆ ಸ್ಪೆಷಾಲಿಟಿ. ರೋಬಸ್ಟಾಕ್ಕೆ ಅದರದ್ದೇ ಅಳತೆ ಇದೆ, ಅದರಲ್ಲಿ 80 ದಾಟಿದ್ದನ್ನು ಫೈನ್ ರೋಬಸ್ಟಾ ಅನ್ನುತ್ತಾರೆ. ಇದೇನು ನಿನ್ನೆ ಮೊನ್ನೆ ಹುಟ್ಟಿದ ಆಸೆಯಲ್ಲ. ರೋಬಸ್ಟಾ ಪಾರ್ಚ್‌ಮೆಂಟಿನಲ್ಲಿ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ್ದು) ದಪ್ಪ ಬೀಜ ಆರಿಸಿ ‘ಕಾಪಿ ರಾಯಲ್’ ಅನ್ನುವ ಹೆಸರಲ್ಲಿ ಹೊರದೇಶಕ್ಕೆ ಕಳಿಸುವುದು ನಮ್ಮಲ್ಲಿ ಮುಂಚಿನಿಂದಲೂ ಇದೆ.

ಮತ್ತೆ ನಮ್ಮ ರೋಬಸ್ಟಾಗೆ ‘ಬರೀ ಕಹಿ, ಗೋಣಿ ವಾಸನೆ’ ಅನ್ನುವ ಹೆಸರು ಯಾಕೆ ಬಂತು? ಅರ್ಧ ತಪ್ಪು ಕುಯ್ಲಿನದು, ಇನ್ನರ್ಧ ಕಣದ್ದು. ಕೆಂಪು, ಹಸಿರು, ಗಿಡದಲ್ಲೇ ಒಣಗಿ ಕಪ್ಪಾದದ್ದು, ಎಲ್ಲ ಒಂದೇ ಸಲಕ್ಕೆ ಬಾಚಿ ಒಂದೇ ರಾಶಿಗೆ ಹಾಕುತ್ತೇವೆ. ಹಾಗೆ ಮಾಡಿದವರನ್ನು ಬೈಯುವ ಹಾಗೂ ಇಲ್ಲ. 90ರ ದಶಕದ ತನಕ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು, ನಿಮ್ಮ ಚೀಲ ಊರವರ ಚೀಲದ ಜೊತೆ ಸೇರಿ ಹೋಗುತ್ತಿತ್ತು, ನಿಮ್ಮ ತೋಟದ ಕಾಫಿಯ ರುಚಿ ಹೇಗಿದೆ ಅಂತ ನಿಮ್ಮನ್ನು ಬಂದು ಕೇಳುವವರೇ ಇರಲಿಲ್ಲ. ಈಗಲೂ ವ್ಯಾಪಾರಿ ನೋಡುವುದು ಔಟ್‌ಟರ್ನ್ (ಒಣಗಿದ ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವುದು) ಮತ್ತು ತೇವಾಂಶ. ಕಪ್‌ನಲ್ಲಿ ರುಚಿ ಯಾರು ನೋಡುತ್ತಾರೆ?

ಈ ಸಲ ಹೀಗೆ ಮಾಡಿ. ನೆರಳು ಚೆನ್ನಾಗಿರುವ, ಹಣ್ಣು ಸಮನಾಗಿ ಬರುವ ಒಂದು ಪಟ್ಟಿ ಗುರುತು ಮಾಡಿಟ್ಟುಕೊಳ್ಳಿ. ಫ್ಲೈ ಪಿಕಿಂಗ್‌ನಲ್ಲಿ (ಕುಯ್ಲಿನ ಮೊದಲ ಸುತ್ತಿನಲ್ಲಿ) ಹಣ್ಣಾದದ್ದನ್ನು ಮಾತ್ರ ಕುಯ್ಯಿಸಿ, ಕೂಲಿ ಕೆಜಿ ಲೆಕ್ಕದಲ್ಲಿ ಬೇಡ, ಆ ದಿನ ದಿನಗೂಲಿ ಕೊಡಿ, ಇಲ್ಲದಿದ್ದರೆ ಹಸಿರು ಬಂದೇ ಬರುತ್ತದೆ. ತಂದದ್ದನ್ನು ಅದೇ ಸಂಜೆ ನೀರಿಗೆ ಹಾಕಿ ತೇಲಿದ್ದನ್ನು ತೆಗೆದುಬಿಡಿ. ರಾತ್ರಿಯಿಡೀ ಚೀಲದಲ್ಲಿ ಬಿಟ್ಟರೆ ಬಿಸಿಯಾಗಿ ಹುಳಿ ಹಿಡಿಯುತ್ತದೆ. ಒಣಗಿಸುವುದು ಮಣ್ಣಿನ ಕಣದಲ್ಲಿ ಬೇಡವೇ ಬೇಡ. ಬಲೆ ಕಟ್ಟಿದ ಮಂಚದ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಿ, ಸಂಜೆ ಇಬ್ಬನಿಗೆ ಮೊದಲೇ ಮುಚ್ಚಿ. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಆಮೇಲೂ ಮೀಟರ್ ಇಟ್ಟು ತೇವಾಂಶ ಶೇಕಡಾ 11ರ ಆಸುಪಾಸಿಗೆ ಬಂದಿದೆಯಾ ನೋಡಿ. ಇನ್ನೊಂದು ಮಾತು. ಕಾಳುಮೆಣಸಿನ ಚೀಲ, ಗೊಬ್ಬರದ ಚೀಲ ಇರುವ ಕೋಣೆಯಲ್ಲಿ ಇದನ್ನು ಇಡಬೇಡಿ, ಕಾಫಿ ವಾಸನೆ ಎಳೆದುಕೊಳ್ಳುತ್ತದೆ. ನಾನೇ ಒಂದು ಸಲ ಮೆಣಸಿನ ಘಮದ ಕಾಫಿ ಕೊಂಡು ತಂದು ಒಂದು ತಿಂಗಳು ಮನೆಯಲ್ಲೇ ಕುಡಿದು ಮುಗಿಸಿದ್ದೇನೆ.

ನೂರು ಕೆಜಿ ಬೀಜ ಕೈಗೆ ಬಂದರೂ ಸಾಕು. ನನ್ನಂಥ ಅಂಗಡಿಗೆ ಅಷ್ಟು ತಿಂಗಳುಗಟ್ಟಲೆ ಬರುತ್ತದೆ. ಹಾಗಾಗಿ ಮಿಕ್ಕ ತೋಟದ್ದು ವ್ಯಾಪಾರಿಗೇ ಹೋಗಲಿ, ಅವರ ಜೊತೆ ಜಗಳ ಮಾಡಿಕೊಳ್ಳಬೇಡಿ. ರುಚಿ ನೋಡುವುದನ್ನು ಮಾತ್ರ ನೀವೇ ಕಲಿಯಿರಿ. ಹುರಿದು ತರಿಯಾಗಿ ಪುಡಿ ಮಾಡಿದ ಕಾಫಿ 8 ಗ್ರಾಂ, ಬಿಸಿನೀರು 150 ಎಂ.ಎಲ್. ನಾಲ್ಕು ನಿಮಿಷ ಬಿಟ್ಟು, ಮೇಲಿನ ಪದರ ಚಮಚದಲ್ಲಿ ಒಡೆದು ಮೂಸಿ, ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಸೊರ್ ಅಂತ ಹೀರಿ. ಪಕ್ಕದಲ್ಲಿ ನಿಮ್ಮದೇ ಬಾಚಿ ಕುಯ್ದ ರಾಶಿಯದನ್ನೂ ಇಟ್ಟುಕೊಳ್ಳಿ. ಮಗ ಹೇಳುವುದು ಸರಿಯಾ ಅಂತ ಅಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ: ದುಬಾರಿ ಬೆಲೆ ಕೊಟ್ಟು ‘ಲೈಟ್ ರೋಸ್ಟ್’ ಪ್ಯಾಕೆಟ್ ತಂದೆ. ಸ್ಟೀಲ್ ಫಿಲ್ಟರಿಗೆ ಹಾಕಿ ಹಾಲು ಬೆರೆಸಿದರೆ ಹುಣಸೆಹಣ್ಣಿನ ನೀರು! ಮೋಸ ಹೋದೆನಾ? (ಕುಶಾಲನಗರದಿಂದ ಒಬ್ಬ ಗೃಹಿಣಿ)

ಉತ್ತರ: ಮೋಸ ಅಲ್ಲ ಅಕ್ಕಾ, ಜೋಡಿ ಸರಿ ಬಂದಿಲ್ಲ. ಕಡಿಮೆ ಹುರಿದ ಅರೇಬಿಕಾದಲ್ಲಿ ಹಣ್ಣಿನ ಹುಳಿ ಉಳಿದಿರುತ್ತದೆ, ಅದಕ್ಕೇ ಜನ ಅದನ್ನು ಕೊಳ್ಳುವುದು. ಹಾಲು ಬಿದ್ದರೆ ಆ ಹುಳಿ ಒಡೆದ ಹಾಲಿನ ಹಾಗೆ ನಾಲಿಗೆಗೆ ತಾಗುತ್ತದೆ. ಹಾಲಿಲ್ಲದೆ ಒಮ್ಮೆ ಮಾಡಿ ನೋಡಿ. ಪೇಪರ್ ಫಿಲ್ಟರಿಗೆ 15 ಗ್ರಾಂ ಪುಡಿ, ಒಟ್ಟು 240 ಎಂ.ಎಲ್. ನೀರು. ಮೊದಲು ಪುಡಿ ನೆನೆಯುವಷ್ಟೇ ಸುರಿದು ಅರ್ಧ ನಿಮಿಷ ಕಾಯಿರಿ. ಹೊಸದಾಗಿ ಹುರಿದದ್ದಾದರೆ ದೋಸೆ ಹಿಟ್ಟಿನ ಹಾಗೆ ಉಬ್ಬುತ್ತದೆ.

ಎಲ್ಲರೂ ‘ನೀರು ಕುದಿದ ಮೇಲೆ ಒಂದು ನಿಮಿಷ ಆರಲು ಬಿಡಿ’ ಅನ್ನುತ್ತಾರೆ. ಅದು ಕಡಲ ತೀರದವರ ಲೆಕ್ಕ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ನಿಮ್ಮಲ್ಲಿ ಅದಕ್ಕಿಂತ ಒಂದು ಡಿಗ್ರಿ ಜಾಸ್ತಿ ಇರಬಹುದು ಅಷ್ಟೇ. ಲೈಟ್ ರೋಸ್ಟಿಗೆ ಕುದಿಯುವ ನೀರನ್ನೇ ಹಾಕಿ. ಆಗಲೂ ಹುಳಿಯಾಗಿ, ನೀರು ನೀರಾಗಿ ಬಂದರೆ ಪುಡಿ ದಪ್ಪ ಆಗಿದೆ, ನಾಲಿಗೆ ಒಗರೊಗರಾದರೆ ತೀರಾ ನುಣ್ಣಗಾಗಿದೆ.

ಹಾಲಿನ ಕಾಫಿಯೇ ಬೇಕು ಅಂದರೆ ಮುಂದಿನ ಸಲ ಸ್ವಲ್ಪ ಜಾಸ್ತಿ ಹುರಿದದ್ದು ಕೇಳಿ. ನಾಚಿಕೊಳ್ಳಬೇಕಾಗಿಲ್ಲ. ನನ್ನ ಮನೆಯಲ್ಲಿ ಅವ್ವ ಇವತ್ತಿಗೂ ಕುಡಿಯುವುದು ಬೆಲ್ಲದ ಕಾಫಿ, ಅದೂ ರೋಬಸ್ಟಾ. ನಾನು ಮಾಡುವ ಅರೇಬಿಕಾ ನೋಡಿ ‘ಇದಕ್ಕೆ ಕಾಫಿ ಹಾಕಲು ಮರೆತೆಯಾ’ ಅಂತ ಕೇಳುತ್ತಾರೆ.

ಪ್ರಶ್ನೆ: ಚಿಕೋರಿ ಬೆರೆಸುವುದು ಕಲಬೆರಕೆ ಅಲ್ವಾ?

ಉತ್ತರ: ಹೇಳದೆ ಬೆರೆಸಿದರೆ ಹೌದು. ಪ್ಯಾಕೆಟ್ ಮೇಲೆ ಶೇಕಡಾವಾರು ಬರೆದಿದ್ದರೆ ಅಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡಾ ಇರಬೇಕು ಅನ್ನುವುದು ನಿಯಮ. ಡಿಕಾಕ್ಷನ್ ದಪ್ಪಗೆ ಬೇಕು ಅನ್ನುವವರು ಹಾಕಿಕೊಳ್ಳಲಿ. ನಮ್ಮ ಅಂಗಡಿಯಲ್ಲಿ ಇಲ್ಲ.

ಪ್ರಶ್ನೆ: ವಿರಾಜಪೇಟೆಯಲ್ಲಿ ಕಾಫಿ ಅಂಗಡಿ ಶುರು ಮಾಡಬೇಕು ಅಂತಿದ್ದೇನೆ. ಕೈಯಲ್ಲಿರುವ ದುಡ್ಡಿಗೆ ಒಂದು ಎಸ್ಪ್ರೆಸೊ ಮೆಷಿನ್ ಬರುತ್ತದೆ. ತಗೊಳ್ಳಲಾ?

ಉತ್ತರ: ಮೊದಲು ಒಳ್ಳೆಯ ಗ್ರೈಂಡರ್ ತಗೊಳ್ಳಿ ತಮ್ಮಾ. ಪುಡಿ ಒಂದೇ ಸಮ ಬರದಿದ್ದರೆ ಎಂಥ ಮೆಷಿನ್ನೂ ಏನೂ ಮಾಡಲಾರದು. 18 ಗ್ರಾಂ ಪುಡಿಯಿಂದ 36 ಗ್ರಾಂ ಕಾಫಿ 25–30 ಸೆಕೆಂಡಿನಲ್ಲಿ ಇಳಿಯಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಮ್ಮ ಮಳೆಗಾಲದ ತಂಡಿಗೆ ಬೆಳಿಗ್ಗೆ ಸರಿಯಿದ್ದ ಅಳತೆ ಮಧ್ಯಾಹ್ನಕ್ಕೆ ಕೆಟ್ಟಿರುತ್ತದೆ, ದಿನಕ್ಕೆ ಮೂರು ಸಲ ಗ್ರೈಂಡರ್ ತಿರುಗಿಸಿ ಸರಿ ಮಾಡುತ್ತಾ ಇರಬೇಕು. ಕಾಫಿ ಬೋರ್ಡ್ ಬೆಂಗಳೂರಿನಲ್ಲಿ ‘ಕಾಪಿ ಶಾಸ್ತ್ರ’ ಅಂತ ತರಬೇತಿ ನಡೆಸುತ್ತದೆ, ದುಡ್ಡು ಸುರಿಯುವ ಮೊದಲು ಅದನ್ನು ಮುಗಿಸಿ ಬನ್ನಿ.

ನಾನು ಸಾಲ ಮಾಡಿ ಎರಡನೇ ಕೈ ಮೆಷಿನ್ ತಂದಿದ್ದೆ. ಮಾರಿದವರು ‘ಸರ್ವಿಸ್ ಆಗಿದೆ’ ಅಂದರು, ನಾನೂ ನಂಬಿದೆ. ಮೊದಲ ಜುಲೈಯಲ್ಲೇ ಬಾಯ್ಲರ್ ಸೋರತೊಡಗಿತು. ಅದು ರಿಪೇರಿಯಾಗಿ ಬರುವ ಹೊತ್ತಿಗೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಆಗ ಅಂಗಡಿ ಉಳಿಸಿದ್ದು ಗ್ಯಾಸ್ ಒಲೆ, ಒಂದು ಕೆಟಲ್, ಕೈಯಲ್ಲಿ ತಿರುಗಿಸುವ ಗ್ರೈಂಡರ್. ಅಂಗಡಿ ಹೇಗೆ ನಡೆಯುತ್ತದೆ ನೋಡಬೇಕಿದ್ದರೆ ಡಿಸೆಂಬರಿನ ಟೂರಿಸ್ಟ್ ಗದ್ದಲದಲ್ಲಿ ಬರಬೇಡಿ, ಜುಲೈಯಲ್ಲಿ ಯಾವುದಾದರೂ ಮಂಗಳವಾರ ಬನ್ನಿ. ಇಡೀ ದಿನಕ್ಕೆ ಹನ್ನೊಂದೇ ಕಪ್ ಹೋದದ್ದೂ ಉಂಟು.