ಮಾಲ್ಗುಡಿ ಸೆಟ್ ನೋಡಲು ಆಗುಂಬೆಗೆ ಹೋಗಬೇಕೇ, ಅರಸಾಳಿಗೆ ಹೋಗಬೇಕೇ?

ವಯಸ್ಸಾದ ತಂದೆ-ತಾಯಿಯರನ್ನು ಕರೆದುಕೊಂಡು ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸೆಟ್ ನೋಡಲು ಹೋಗುತ್ತಿದ್ದೀರಿ. ಕೈಯಲ್ಲಿರುವುದು ಒಂದೇ ದಿನ. ಧಾರಾವಾಹಿಯಲ್ಲಿ ಸ್ವಾಮಿಯ ಮನೆಯಾಗಿ ಕಂಡ ಆಗುಂಬೆಯ ದೊಡ್ಡಮನೆ, ಅರಸಾಳಿನ ರೈಲು ನಿಲ್ದಾಣದ ಮ್ಯೂಸಿಯಂ, ಇವೆರಡರಲ್ಲಿ ಯಾವುದನ್ನು ಬಿಟ್ಟರೆ ನಷ್ಟವಿಲ್ಲ, ಸೆಟ್ ಹಾಗೆಯೇ ಉಳಿದಿದೆಯೇ ಎಂದು ಕೇಳಿದ್ದೀರಿ. ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯನ್ನು ನಮ್ಮನ್ನಲ್ಲ, ನಿಮ್ಮ ತಂದೆಯನ್ನು ಕೇಳಿ. ನಾನು ನನ್ನ ಅಪ್ಪನನ್ನು ಕೇಳಲಿಲ್ಲ.

ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅಂದರೆ ನಿಲ್ದಾಣದಲ್ಲಿ ರೈಲಿಗೆ ಹಳಿ ಬದಲಿಸಿಕೊಡುವ ನೌಕರ ಆಗಿದ್ದವರು. ಸೇವೆಯ ಬಹುಪಾಲು ಕಳೆದದ್ದು ಬೀರೂರಿನಿಂದ ತಾಳಗುಪ್ಪದವರೆಗಿನ ಹಳೆಯ ಮೀಟರ್ ಗೇಜ್ ಮಾರ್ಗದಲ್ಲಿ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಮಾಲ್ಗುಡಿ ಡೇಸ್ ಬರುವಾಗ ನಮ್ಮ ಕ್ವಾರ್ಟರ್ಸ್‌ನಲ್ಲಿ ಟಿ.ವಿ. ಇರಲಿಲ್ಲ. ಸ್ಟೇಷನ್ ಮಾಸ್ತರರ ಮನೆಯಲ್ಲಿ ಎಲ್ಲರೂ ಸೇರಿ ನೋಡುತ್ತಿದ್ದೆವು. ಎಲ್. ವೈದ್ಯನಾಥನ್ ಅವರ ಆ ಶೀರ್ಷಿಕೆ ಸಂಗೀತ ಶುರುವಾದರೆ ಮಕ್ಕಳೆಲ್ಲ ಸದ್ದಿಲ್ಲದೆ ಕುಳಿತುಬಿಡುತ್ತಿದ್ದೆವು. ನಮ್ಮ ಕಣ್ಣು ಮಾಸ್ಟರ್ ಮಂಜುನಾಥ್ ಮಾಡಿದ ಸ್ವಾಮಿಯ ಮೇಲೆ, ಅವನ ತಂದೆಯಾಗಿದ್ದ ಗಿರೀಶ ಕಾರ್ನಾಡರ ಮೇಲೆ. ಅಪ್ಪ ಮಾತ್ರ ರೈಲು ಬಂದ ದೃಶ್ಯಕ್ಕೆ ಎದ್ದು ಹತ್ತಿರ ಹೋಗುತ್ತಿದ್ದರು. ಅದು ಅರಸಾಳು, ತಮ್ಮದೇ ಮಾರ್ಗದ ನಿಲ್ದಾಣ ಎಂಬ ಹೆಮ್ಮೆ ಅವರದು. ಮುಂದಿನ ನಿಲ್ದಾಣದವರೆಗೆ ಹೋಗಲು ಅನುಮತಿಯಾಗಿ ಕೊಡುವ, ಬೆತ್ತದ ಬಳೆಗೆ ಕಟ್ಟಿದ ಟೋಕನ್ನನ್ನು ಚಲಿಸುವ ಇಂಜಿನ್ನಿನ ಚಾಲಕನಿಗೆ ಹೇಗೆ ಎತ್ತಿಕೊಡಬೇಕು ಎಂಬುದನ್ನು ನಮಗೆ ಕೈಯೆತ್ತಿ ತೋರಿಸುತ್ತಿದ್ದರು.

ಮೀಟರ್ ಗೇಜ್ ಹೋಯಿತು. ಅದರ ಮೇಲೆ ಕೆಲಕಾಲ ಓಡಿದ ರೈಲ್ ಬಸ್ಸೂ ಹೋಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಬಂತು. ಅರಸಾಳಿನಲ್ಲಿ ಹೊಸ ಕಟ್ಟಡ ಎದ್ದಿತು, ಹಳೆಯದು ಪಾಳುಬಿತ್ತು. ಆ ಹಳೆಯ ಕಟ್ಟಡವನ್ನು ನೈಋತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆಯಿತು. ಶಂಕರ್ ನಾಗ್ ಅವರ ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದಕ್ಕೆ ರೂಪ ಕೊಟ್ಟರು. ಸುದ್ದಿ ಓದಿದ ದಿನದಿಂದ ಅಪ್ಪ ಆ ಪತ್ರಿಕೆಯ ತುಣುಕನ್ನು ಕನ್ನಡಕದ ಡಬ್ಬಿಯಲ್ಲಿ ಮಡಿಸಿಟ್ಟುಕೊಂಡಿದ್ದರು.

ಕಾರಿನಲ್ಲಿ ಕರೆದುಕೊಂಡು ಹೋಗುವ ದಿನ ಬಂದಾಗ ಯೋಜನೆ ಹಾಕಿದವನು ನಾನು. ಬೆಳಿಗ್ಗೆ ಶಿವಮೊಗ್ಗ ಬಿಟ್ಟು ಮೊದಲು ಆಗುಂಬೆ, ದೊಡ್ಡಮನೆಯಲ್ಲಿ ಊಟ, ಬರುವಾಗ ಅರಸಾಳು. ಎರಡೂ ಶಿವಮೊಗ್ಗ ಜಿಲ್ಲೆಯವೇ, ಒಂದೇ ಧಾರಾವಾಹಿಯವೇ, ಹತ್ತಿರವೇ ಇರುತ್ತವೆ ಎಂದುಕೊಂಡೆ. ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಕಾಣುತ್ತಿದೆ. ಪರದೆಯ ಮೇಲೆ ಸ್ವಾಮಿ ಮನೆಯ ಜಗಲಿ ಇಳಿದರೆ ಮರುಕ್ಷಣ ನಿಲ್ದಾಣದಲ್ಲಿರುತ್ತಾನೆ. ಹಾಗಾಗಿ ಮನೆ, ಬೀದಿ, ನಿಲ್ದಾಣ ಎಲ್ಲವೂ ಒಂದೇ ಊರು ಎಂದು ನಮ್ಮ ತಲೆಯಲ್ಲಿ ಅಚ್ಚಾಗಿದೆ. ಆಗುಂಬೆಗೆ ರೈಲೇ ಇಲ್ಲ. ಅದು ಜಿಲ್ಲೆಯ ನೈಋತ್ಯದ ತುದಿ, ಘಾಟಿ ಇಳಿದರೆ ಉಡುಪಿ ಜಿಲ್ಲೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೇ ಸುಮಾರು 60 ಕಿಲೋಮೀಟರ್, ಅಲ್ಲಿಂದ ಆಗುಂಬೆಗೆ ಇನ್ನೂ 30ರ ಮೇಲೆ. ಅರಸಾಳು ಇರುವುದು ಸಾಗರದ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ, ರಿಪ್ಪನ್‌ಪೇಟೆಯ ಹತ್ತಿರ. ಆಗುಂಬೆಯಿಂದ ಅಲ್ಲಿಗೆ ಬರಬೇಕೆಂದರೆ ತೀರ್ಥಹಳ್ಳಿಗೆ ಮರಳಿ, ಕೋಣಂದೂರು, ರಿಪ್ಪನ್‌ಪೇಟೆ ದಾಟಿ ಬರಬೇಕು. ನಕ್ಷೆಯಲ್ಲಿ ಕಿಲೋಮೀಟರ್ ಕಡಿಮೆ ಕಂಡರೂ ತಿರುವುಗಳು ಸಮಯ ತಿನ್ನುತ್ತವೆ. ಹೋದದ್ದು ಬೇರೆ ಆಷಾಢದಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರದು. ಮಧ್ಯಾಹ್ನವೇ ಕಾರಿನ ದೀಪ ಹಾಕಿಕೊಂಡು ಬರಬೇಕಾಯಿತು.

ದೊಡ್ಡಮನೆಯಲ್ಲಿ ಅವಸರವೂ ಸಾಧ್ಯವಿಲ್ಲ. ಅದು ಹೋಟೆಲ್ ಅಲ್ಲ, ಜನ ಬಾಳಿ ಬದುಕುತ್ತಿರುವ ಮನೆ. ಬಂದವರಿಗೆ ಕಷಾಯ ಕೊಡುತ್ತಾರೆ, ಅಡುಗೆಯಾದ ಮೇಲೆ ಸಾಲಿನಲ್ಲಿ ಕೂರಿಸಿ ಬಡಿಸುತ್ತಾರೆ, ಇಷ್ಟು ಕೊಡಿ ಎಂದು ದರ ಹೇಳುವುದಿಲ್ಲ. ಅಂಥ ಪಂಕ್ತಿಯಿಂದ ಗಡಿಯಾರ ನೋಡಿಕೊಂಡು ಏಳುವುದು ಯಾರಿಗೂ ಆಗದು. ಅಮ್ಮ ಅಂಗಳದ ಸುತ್ತ ಆ ಕೆತ್ತನೆಯ ಮರದ ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಅಪ್ಪ ಜಗಲಿಯಲ್ಲಿ ಕುಳಿತು ಮಳೆ ನೋಡಿದರು. ಹೊರಡೋಣವೇ ಎಂದರೆ, “ನಿಮಗೆಲ್ಲ ಆಗಲಿ ಮಾರಾಯ, ನನಗೇನು ಅವಸರವಿಲ್ಲ” ಎಂದರು. ಅವರ ತಲೆಮಾರಿನ ಗಂಡಸರು ತಮಗೆ ಏನು ಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳೇ ಕೇಳಬೇಕು, ಎರಡನೆಯ ಸಲವೂ ಕೇಳಬೇಕು.

ಅರಸಾಳು ತಲುಪಿದಾಗ ಮ್ಯೂಸಿಯಂ ಬಾಗಿಲು ಹಾಕಿತ್ತು. ಅಪ್ಪ ಹೊರಗಿನಿಂದಲೇ ಗೋಡೆಯ ಉದ್ದಕ್ಕೂ ನಡೆದು, ಕಿಟಕಿಗೆ ಮುಖ ಒತ್ತಿ ನೋಡಿ, ಟೋಕನ್ ಯಂತ್ರ ಇಂಥ ಕೋಣೆಯಲ್ಲಿ ಇರುತ್ತಿತ್ತು ಎಂದು ಅಮ್ಮನಿಗೆ ವಿವರಿಸಿದರು. ಮತ್ತೊಮ್ಮೆ ಬರೋಣ ಎಂದೆ. ಆ ವರ್ಷದ ಕೊನೆಗೆ ಅವರಿಗೆ ಪಾರ್ಶ್ವವಾಯು ಬಡಿಯಿತು, ಕಾರಿನ ಪ್ರಯಾಣ ನಿಂತೇಹೋಯಿತು. ಮುಂದೆ ನಾನೊಬ್ಬನೇ ಹೋಗಿ ಒಳಗಿನ ಚಿತ್ರಗಳನ್ನು, ಕಲಾಕೃತಿಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಬಂದು ತೋರಿಸಿದೆ. ಅವರು ಕೇಳಿದ್ದೆಲ್ಲ ಹಲಗೆ, ಕಿಟಕಿ, ಹಳಿಯ ಅಂತರಗಳ ಬಗ್ಗೆ. ಒಂದಕ್ಕೂ ನನ್ನ ಫೋಟೊದಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ‘ಸೆಟ್ ಹಾಗೆಯೇ ಉಳಿದಿದೆಯೇ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಉಳಿದಿರುವುದು ಸೆಟ್ ಅಲ್ಲ. ಆಗುಂಬೆಯ ಬೀದಿಯನ್ನು ಮಾಲ್ಗುಡಿ ಮಾಡಿದ್ದ ಫಲಕಗಳಾಗಲಿ, ಕಥೆಯಲ್ಲಿ ಬರುವ ಸರ್ ಫ್ರೆಡ್ರಿಕ್ ಲಾಲಿಯ ಪ್ರತಿಮೆಯಾಗಲಿ ಈಗ ಅಲ್ಲಿ ಸಿಗುವುದಿಲ್ಲ. ಕ್ಯಾಮೆರಾ ಬರುವುದಕ್ಕೆ ಮೊದಲೇ ಇದ್ದ ಒಂದು ಮನೆ ಮತ್ತು ಒಂದು ನಿಲ್ದಾಣ ಸಿಗುತ್ತವೆ. ಮನೆ ಮನೆಯಾಗಿಯೇ ಇದೆ. ನಿಲ್ದಾಣ ಮ್ಯೂಸಿಯಂ ಆಗಿದೆ, ಪಕ್ಕದಲ್ಲಿ ಈಗಲೂ ರೈಲು ನಿಲ್ಲುತ್ತದೆ. ಒಂದನ್ನು ಬಿಟ್ಟು ಇನ್ನೊಂದು ನೋಡಿದರೆ ‘ಅರ್ಧ ಸೆಟ್’ ನೋಡಿದಂತಾಗುವುದಿಲ್ಲ.

ಒಂದೇ ದಿನವಿದ್ದರೆ ಒಂದೇ ಜಾಗಕ್ಕೆ ಹೋಗಿ. ಅರಸಾಳಾದರೆ ಕಾರು ಬೇಡ. ತಾಳಗುಪ್ಪದ ರೈಲುಗಳಲ್ಲಿ ಅಲ್ಲಿ ನಿಲ್ಲುವಂಥದ್ದನ್ನು ವೇಳಾಪಟ್ಟಿಯಲ್ಲಿ ನೋಡಿ ಶಿವಮೊಗ್ಗದಲ್ಲಿ ಹತ್ತಿ, ಮಧ್ಯಾಹ್ನದೊಳಗೆ ಒಳಗಿರಿ. ಮ್ಯೂಸಿಯಂ ತೆರೆದಿರುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿ. ಎರಡನೆಯ ದಿನ ಹೊಂದಿಸಿಕೊಂಡರೆ ಅರಸಾಳನ್ನು ಸಾಗರ, ಜೋಗದ ಜೊತೆ ಸೇರಿಸಿ. ಆಗುಂಬೆಯನ್ನು ಶೃಂಗೇರಿ ಅಥವಾ ಕುಂದಾದ್ರಿಯ ಜೊತೆ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ, ನವೆಂಬರ್ ನಂತರ ಹೋಗಿ, ದೊಡ್ಡಮನೆಯವರಿಗೆ ಮೊದಲೇ ತಿಳಿಸಿ ಹೋಗಿ. ಎಷ್ಟು ಜನ ಎಂಬುದನ್ನೂ ಹೇಳಿ, ಅಲ್ಲಿ ಅಕ್ಕಿ ಅಳೆದು ಹಾಕಬೇಕು. ಫೋಟೊಕ್ಕೆ ಮುನ್ನ ಅನುಮತಿ ಕೇಳಿ, ಅಡುಗೆಮನೆಯ ಕಡೆ ಮೊಬೈಲ್ ಹಿಡಿಯಬೇಡಿ, ಹೊರಡುವಾಗ ಹಣವನ್ನು ಊಟದ ಬೆಲೆಯೆಂದು ಲೆಕ್ಕ ಹಾಕದೆ ಕೈತುಂಬ ಕೊಡಿ.